ಅರ್ಧ ಗಂಟೆಯ ಮಾತ್ರೆ

ದೊಡ್ಡಗಾಜನೂರು
9-11-2025

ಚಿ.ಸೌ. ಪ್ರಮೀಳಾಗೆ ನಿನ್ನ ಅಕ್ಕ ಶಿವನಂಜಮ್ಮ ಮಾಡುವ ಆಶೀರ್ವಾದ.

ಆಸ್ಪತ್ರೆಗೆ ಹೋಗಿಬಂದ ಸುದ್ದಿ ತಿಳಿಸಲಿಲ್ಲವೆಂದು ಮುನಿಸಿಕೊಂಡಿದ್ದೀಯಂತೆ. ತಪ್ಪಾಯಿತು ಕಣೆ. ಫೋನಿನಲ್ಲಿ ಹೇಳೋಣವೆಂದರೆ ಅದು ಸದಾ ನಿನ್ನ ಭಾವನ ಜೇಬಿನಲ್ಲಿ. ಅವರ ಎದುರಿಗೇ ಅವರ ದೂರು ಹೇಳುವುದು ಹೇಗೆ? ಇಲ್ಲಿ ಎಲ್ಲರೂ ಕ್ಷೇಮ. ಕೋಸಿನ ಹೊಲಕ್ಕೆ ಆನೆ ಇಳಿದು ಅರ್ಧ ತುಳಿದು ಹೋಯಿತು, ಬೆಳ್ಳುಳ್ಳಿ ಉಳಿದಿದೆ.

ನನ್ನ ಎದೆಯುರಿಗೆ ತಾಳವಾಡಿಯಲ್ಲಿ ಕೊಟ್ಟ ಮಾತ್ರೆಯನ್ನು ದಿನಾ ಬೆಳಗಾಗೆದ್ದು ನುಂಗಿದ್ದೇ ನುಂಗಿದ್ದು. ಉರಿ ಜಗ್ಗಲಿಲ್ಲ, ಮುದ್ದೆ ಗಂಟಲಲ್ಲೇ ಕೂರತೊಡಗಿತು. ಕೊನೆಗೆ ಘಾಟಿ ಇಳಿದು ಸತ್ಯಮಂಗಲಕ್ಕೆ ಹೋದೆವು. ಅಲ್ಲಿನ ಡಾಕ್ಟರಮ್ಮ ಬಾಯೊಳಗೆ ನಳಿಕೆ ಇಳಿಸಿ ನೋಡಿದರು. ಹೊಟ್ಟೆಯ ಹುಳಿ ಮೇಲೆ ನುಗ್ಗಿ ಅನ್ನನಾಳ ಹುಣ್ಣಾಗಿದೆಯಂತೆ. ಮಾತ್ರೆ ನುಂಗಿ ಎಷ್ಟು ಹೊತ್ತಿಗೆ ಉಣ್ಣುತ್ತೀರಿ ಎಂದು ತಮಿಳಿನಲ್ಲಿ ಕೇಳಿದರು. ಯಜಮಾನರ ಪೂಜೆ ಮುಗಿದು, ಅವರ ಊಟವಾದ ಮೇಲೆ ಅಂದೆ.

ನಿನಗೆ ಗೊತ್ತಲ್ಲ ಈ ಮನೆಯ ಪದ್ಧತಿ. ನನ್ನ ಲಿಂಗಪೂಜೆ ನಸುಕಿಗೇ ಮುಗಿಯುತ್ತದೆ. ಇವರು ಹೊಲ ಸುತ್ತಿ, ಮಿಂದು, ಪೂಜೆ ಮುಗಿಸಿ ಏಳುವಾಗ ಹೊತ್ತು ನೆತ್ತಿಗೆ ಬಂದಿರುತ್ತದೆ. ಅಲ್ಲಿಯವರೆಗೆ ನನಗೆ ಕರಿ ಕಾಫಿಯೇ ಗತಿ.

ಡಾಕ್ಟರಮ್ಮ ಎರಡು ಮಾತ್ರೆ ತೋರಿಸಿದರು. ಹಳೆಯದನ್ನು ಊಟಕ್ಕೆ ಅರ್ಧ ಗಂಟೆ ಮೊದಲು ನುಂಗಬೇಕು. ನುಂಗಿ ಉಪವಾಸ ಕೂತರೆ ಅದರ ಕೆಲಸ ಅರೆಬರೆ. ಹೊಸದಕ್ಕೆ ಊಟದ ಹಂಗಿಲ್ಲ, ಹುಣ್ಣು ಜೋರಾಗಿದ್ದವರಿಗೆ ಅದೇ ವಾಸಿ. ನಿಮ್ಮದು ಅಷ್ಟು ಜೋರಿಲ್ಲ, ಸರಿಯಾಗಿ ತಗೊಂಡರೆ ಯಾವುದಾದರೂ ಮಾಯಿಸುತ್ತದೆ ಅಂದರು.

ನಿನ್ನ ಭಾವನ ಮುಖ ಅರಳಿತು. "ಒಸ ಮಾತ್ರೆನೇ ಇಸ್ಕೊ ಕಣಮ್ಮಿ. ದುಡ್ಡೋದ್ರೆ ಓಗ್ಲಿ, ಮನೆ ಪದ್ಧತಿ ಕೆಡದು ಬ್ಯಾಡ."

"ಉಣ್ಣಾಗಿರದು ನನ್ನ ಗಂಟ್ಲಲ್ಲಿ," ಅಂದೆ. "ನಂಗೆ ಅಳೇದೇ ಸಾಕು."

ಈಗ ಬೆಳಿಗ್ಗೆ ಮಾತ್ರೆ ನುಂಗಿ, ಅರ್ಧ ಗಂಟೆ ಬಿಟ್ಟು, ಅಡುಗೆಮನೆಯ ನಟ್ಟನಡುವೆ ತಟ್ಟೆ ಹಾಕಿಕೊಂಡು ಕೂರುತ್ತೇನೆ. ಬಾಗಿಲನ್ನೂ ಮುಚ್ಚುವುದಿಲ್ಲ. ಇವರ ಅಕ್ಕ ಗುರುಲಿಂಗಮ್ಮ ಕಂಡು ಬಾಯಿ ಬಡಿದುಕೊಂಡರು: "ಗಂಡ ಅಸ್ಕಂಡು ಕುಂತವ್ನೆ, ಇವ್ಳು ಉಂಡ್ಕಂಡು ಕುಂತವ್ಳೆ! ಶಿವ ಮೆಚ್ಚನಾ?"

"ಶಿವನ ಪೂಜೆ ಆಗ್ಲೇ ಮಾಡ್ಬುಟ್ಟೆ ಅತ್ಗೆ. ಅವನೇನೂ ಅನ್ಲಿಲ್ಲ," ಅಂದು ಇನ್ನೊಂದು ರೊಟ್ಟಿ ಹಾಕಿಕೊಂಡೆ.

ಅವತ್ತಿನಿಂದ ನಿನ್ನ ಭಾವ ನನ್ನೊಡನೆ ಮಾತಾಡಿಲ್ಲ. ಬೇಡ ಬಿಡು. ಉರಿ ತಗ್ಗಿದೆ, ಮುದ್ದೆ ಸಲೀಸಾಗಿ ಇಳಿಯುತ್ತಿದೆ. ಊರು ಏನಾದರೂ ಆಡಿಕೊಳ್ಳಲಿ, ಈ ತಟ್ಟೆ ನಾನು ಎತ್ತುವುದಿಲ್ಲ.

ನೀನೂ ಮಕ್ಕಳೂ ಹೊತ್ತಿಗೆ ಸರಿಯಾಗಿ ಉಂಡು ನೂರು ಕಾಲ ಬಾಳಿ.

ಇತಿ,
ನಿನ್ನ ಅಕ್ಕ
ಶಿವನಂಜಮ್ಮ

ಬರೆಯಬಾರದು ಅಂದುಕೊಂಡಿದ್ದ ಒಂದು ಮಾತು: ಅಷ್ಟು ಹೊತ್ತು ಹಸಿವಾಗುವುದಿಲ್ಲವಾ ಎಂದು ಡಾಕ್ಟರಮ್ಮ ಕೇಳಿದಾಗ ನಾನು ಬಾಯಿ ತೆರೆಯುವ ಮೊದಲೇ ಇವರು ನಗುತ್ತಾ ಅಂದರು: "ಆಗ್ದೆ ಏನು? ನಾನು ಪೂಜೆಗೆ ಕುಂತಿದ್ರೆ ಅಡ್ಗೆಮನೆಲಿ ಇವ್ಳ ಒಟ್ಟೆ ಗುರ್ರ್ ಅನ್ನದು ನಂಗೆ ಕೇಳ್ತದೆ." ಪಾಪ, ಗಂಡಸು, ಗೊತ್ತಾಗುವುದಿಲ್ಲ ಎಂದುಕೊಂಡೇ ಇಷ್ಟು ವರ್ಷ ಸಹಿಸಿದ್ದೆ. ಅವರಿಗೆ ಗೊತ್ತಿತ್ತು, ಪ್ರಮೀಳಾ.