ನೂರ ಇಪ್ಪತ್ತೆಂಟು ಪೌಂಡು

ಸೆಪ್ಟೆಂಬರ್ 11, ಬೆಳಿಗ್ಗೆ 6.40

ಈ ವಾರ ಗುಡ್ಡ ಹತ್ತಿದ್ದು ಇದು ಮೂರನೆಯ ಸಲ. ಎಪ್ಪತ್ತು ಪೌಂಡು — ದನ ನೆಕ್ಕುವ ಉಪ್ಪಿನ ಗಟ್ಟಿ ಒಂದು, ಮರಳಿನ ಚೀಲ ಒಂದು. ಗುಡ್ಡದ ನೆತ್ತಿಗೆ ಐವತ್ತೆರಡು ನಿಮಿಷ. ಬೆನ್ನುಚೀಲದ ಸೊಂಟಪಟ್ಟಿ ಮತ್ತೆ ಜಾರಿತು. ಬಲಗಡೆಯೇ.

ಪಕ್ಕದ ದನ ಸಾಕುವ ರಾಂಚಿನ ಎರಡು ಕಡಸು ಉಪ್ಪಿನ ಆಸೆಗೆ ಬೇಲಿಯವರೆಗೂ ಹಿಂದೆಯೇ ಬಂದವು. ಅದರಲ್ಲಿ ಒಂದು ನನ್ನ ಚೀಲವನ್ನು ನೆಕ್ಕಿಯೇ ಬಿಟ್ಟಿತು. ಚೀಲದ ಪರೀಕ್ಷೆಯ ವರದಿಯಲ್ಲಿ ಇದನ್ನೂ ಬರೆಯಲೇ?

ಏಳೂವರೆಗೆ ಸ್ಕೂಲ್ ಬಸ್ ಓಡಿಸಬೇಕು. ಸ್ನಾನಕ್ಕೆ ಹೊತ್ತಿಲ್ಲ.

ಸೆಪ್ಟೆಂಬರ್ 12

ಸಂಜೆ ನಡೀನಳ ಶೆಡ್‌ಗೆ ಹೋದೆ. ಮೂರು ಹೊಲಿಗೆ ಯಂತ್ರ, ಒಬ್ಬಳೇ ಯಜಮಾನಿ. ಅವಳು ಬೇಟೆಗಾರರಿಗೆ ಬೆನ್ನುಚೀಲ ಹೊಲಿಯುತ್ತಾಳೆ. ಭಾರ ತುಂಬಿ, ಬೆನ್ನಿಗೆ ಹೊತ್ತು ಪರೀಕ್ಷಿಸುವುದು ನನ್ನ ಪಾಲು.

"ಜಾರತ್ತೆ ಅಂದ್ರೆ ಸಾಲ್ದು ಡೆಲ್ಲಾ. ಎಲ್ಲಿ ಜಾರತ್ತೆ ತೋರ್ಸು."

ಅಂಗಿ ಎತ್ತಿ ಸೊಂಟ ತೋರಿಸಿದೆ. ಅಂಗೈಯಗಲ ಕಪ್ಪುಗಟ್ಟಿದೆ.

"ಅಯ್ಯೋ ದೇವ್ರೇ! ಮೊದ್ಲೇ ಹೇಳೋಕೇನಾಗಿತ್ತು ನಿಂಗೆ?"

"ವರದೀಲಿ ಬರೆದಿದ್ದೆನಲ್ಲ."

"'ಸ್ವಲ್ಪ ಉಜ್ಜುತ್ತೆ' ಅಂತ ಬರೆದಿದ್ದೆ! ಇದು ಸ್ವಲ್ಪಾನಾ?"

ಪಟ್ಟಿಯನ್ನು ಪೂರ್ತಿ ಬಿಚ್ಚಿ ಹಾಕಿದಳು. ಬೇಟೆ ಶುರುವಾಗಲು ಆರು ವಾರ. ಬೈದಳು, ಆದರೆ ಮುಲಾಮಿನ ಡಬ್ಬಿ ಕೊಟ್ಟು ಕಳಿಸಿದಳು.

ಸೆಪ್ಟೆಂಬರ್ 30

ಹೊಸ ಪಟ್ಟಿ. ನೂರು ಪೌಂಡು! ಜಾರಲಿಲ್ಲ. ಕಾಲು ನಡುಗಿತು, ಅದು ಚೀಲದ ತಪ್ಪಲ್ಲ — ಐವತ್ತೊಂದು ವರ್ಷದ ಕಾಲು.

ಕೆಳಗೆ ಆರ್ವಿಡ್ ಪಿಕಪ್ ನಿಲ್ಲಿಸಿಕೊಂಡು ಕಾಫಿ ಹೀರುತ್ತ ನೋಡುತ್ತಿದ್ದರು.

"ಕತ್ತೆ ಥರ ನಡೀತಿದೀಯ ಹುಡುಗಿ."

"ಕತ್ತೆಗೆ ಮೇವಾದ್ರೂ ಹಾಕ್ತಾರೆ."

ಕಾಗದದ ಪೊಟ್ಟಣ ಚಾಚಿದರು. ಮಾಂಸ, ಆಲೂಗಡ್ಡೆ ತುಂಬಿದ ಪಾಸ್ಟಿ, ಇನ್ನೂ ಬಿಸಿ.

ಎಪ್ಪತ್ನಾಲ್ಕು ಅವರಿಗೆ. ನನ್ನ ಮಾಜಿ ಗಂಡನ ಅಪ್ಪ. ಹನ್ನೊಂದು ವರ್ಷದ ಹಿಂದೆ ಅವರ ಮಗ ಲೈಲ್ ಇನ್ನೊಬ್ಬಳ ಜೊತೆ ಸ್ಪೋಕೇನ್‌ಗೆ ಹೊರಟುಹೋದ. ಮರುವಾರ ಇವರು ರೈಫಲ್ ಹಿಡಿದು ನನ್ನ ಅಂಗಳಕ್ಕೆ ಬಂದರು. ಹೆದರಿಬಿಟ್ಟಿದ್ದೆ. "ನಿನ್ನ ಫ್ರೀಜರ್ ಖಾಲಿ ಇರತ್ತೆ. ನಡಿ, ಗುರಿ ಹಿಡಿಯೋದು ಕಲಿಸ್ತೀನಿ" ಅಂದರು. ಅಷ್ಟೇ. ಮಗನ ಬಗ್ಗೆ ಅವತ್ತು ಒಂದು ಮಾತಿಲ್ಲ, ಇವತ್ತಿಗೂ ಇಲ್ಲ. ನನ್ನ ಹೆಣ್ಣುಮಕ್ಕಳಿಬ್ಬರೂ ಆ ಬೇಟೆಯ ಮಾಂಸ ತಿಂದೇ ಬೆಳೆದರು.

ಅಕ್ಟೋಬರ್ 25, ಮಧ್ಯಾಹ್ನ 12.15

ಪುಟಕ್ಕೆ ರಕ್ತ ಹತ್ತಿದೆ, ಇರಲಿ. ಆರ್ವಿಡ್ ಒಂದೇ ಗುಂಡಿಗೆ ಗಂಡು ಎಲ್ಕ್ ಬೀಳಿಸಿದರು, ಕುದುರೆಗಾತ್ರದ ಜಿಂಕೆ. ಕೊಂಬು ನನ್ನ ತೋಳಿಗಿಂತ ಉದ್ದ. ಟೋಪಿ ತೆಗೆದು ಅದರ ಕುತ್ತಿಗೆ ಮೇಲೆ ಕೈಯಿಟ್ಟು ಕೂತರು. ಪ್ರತಿವರ್ಷ ಹೀಗೆಯೇ. ಈ ಸಲ ತುಸು ಹೆಚ್ಚು ಹೊತ್ತು.

"ಇದೇ ನನ್ನ ಕೊನೇದು ಅನ್ಸತ್ತೆ."

"ಹೋದ್ವರ್ಷಾನೂ ಇದೇ ಅಂದ್ರಿ."

ಮಾಂಸ ಕಡಿದಾಯಿತು. ಒಟ್ಟು ಐದು ಹೊರೆ. ಮೊದಲು ಒಂದು ಹಿಂಗಾಲು, ಸುಮಾರು ತೊಂಬತ್ತೈದು ಪೌಂಡು. ನಾನು ಹೊರುತ್ತೇನೆ. ಅವರದ್ದು ಬರೀ ರೈಫಲ್. ಹಿಮ ಉದುರತೊಡಗಿದೆ. ಹೊರಟೆವು.

ಅಕ್ಟೋಬರ್ 27 — ಆಸ್ಪತ್ರೆಯ ಕುರ್ಚಿಯಲ್ಲಿ

ಕೈ ಇವತ್ತು ನೆಟ್ಟಗಾಗಿದೆ. ಬರೆಯುತ್ತೇನೆ.

ಹಳ್ಳ ದಾಟುವಾಗ ಮರದ ದಿಮ್ಮಿಯ ಮೇಲೆ ಆರ್ವಿಡ್ ಜಾರಿದರು. ಸದ್ದು ಕೇಳಿಸಿತು... ಪಾದದ ಗಂಟು. ಸೊಂಟದವರೆಗೂ ನೀರಲ್ಲಿ. ದಡಕ್ಕೆ ಎಳೆದು ಹಾಕಿದೆ. ಚೀಲದಲ್ಲಿದ್ದ ನನ್ನ ಒಣ ಪ್ಯಾಂಟು, ಜಾಕೆಟ್ ತೊಡಿಸಿದೆ. ಮುರಿದ ಕಾಲಿಗೆ ಕೋಲು ಕಟ್ಟಿದೆ. ಆದರೂ ಹಲ್ಲು ಕಟಕಟ. ಫೋನ್‌ಗೆ ಸಿಗ್ನಲ್ ಇಲ್ಲ. ಪಿಕಪ್ ಒಂದೂವರೆ ಮೈಲಿ ದೂರ. ಆಗ ಗಂಟೆ ಒಂದೂವರೆ.

"ನೀ ಹೋಗಿ ಯಾರನ್ನಾದ್ರೂ ಕರ್ಕೊಂಡ್ ಬಾ. ನಾ ಬೆಂಕಿ ಹಾಕ್ಕೊಂಡ್ ಕೂತಿರ್ತೀನಿ."

"ಒದ್ದೆ ಸೌದೇಲಾ? ಅವ್ರು ಬರೋಷ್ಟ್ರಲ್ಲಿ ನೀವು ಕಲ್ಲಾಗಿರ್ತೀರ."

ಎಲ್ಕಿನ ಕಾಲನ್ನು ಮರಕ್ಕೆ ನೇತುಹಾಕಿದೆ. ಬೆನ್ನಿಗೆ ಕಟ್ಟುವ ಚೌಕಟ್ಟಿನಿಂದ ಚೀಲ ಕಳಚಿದೆ. ಚೌಕಟ್ಟಿನ ಕೆಳಗಡೆ ಮಾಂಸ ಕೂರಿಸುವ ಅಡ್ಡತಟ್ಟೆ ಇದೆ. ಅದರ ಮೇಲೆ ಅವರನ್ನೇ ಕೂರಿಸಿದೆ, ಬೆನ್ನಿಗೆ ಬೆನ್ನು. ಇದ್ದಬದ್ದ ಪಟ್ಟಿಯೆಲ್ಲ ಬಿಗಿದೆ.

"ಎಷ್ಟಿದೀರಿ?"

"ನೂರ ಇಪ್ಪತ್ತೆಂಟು. ಡಾಕ್ಟ್ರ ತಕ್ಕಡಿ ಲೆಕ್ಕ."

"ಬೂಟು ಬಿಟ್ಟಾ?"

"ಬೂಟು ಸೇರಿ ಅಂತ ಅಂದ್ಕೋ. ನಿಂಗೆ ಸಮಾಧಾನ."

ಎರಡು ಸಲ ಏಳಲಾಗಲಿಲ್ಲ. ಮೂರನೆಯ ಸಲ ಎದ್ದೆ. ನಲವತ್ತು ಹೆಜ್ಜೆ, ಒಂದು ದಿಮ್ಮಿಗೆ ಒರಗುವುದು. ಮತ್ತೆ ನಲವತ್ತು. ಅವರು ಬಂದ ದಾರಿ ನೋಡುತ್ತ, ನಾನು ಹೋಗುವ ದಾರಿ ನೋಡುತ್ತ. ಮಾತಾಡಿಸುತ್ತಲೇ ಇದ್ದೆ — ನಿದ್ದೆಗೆ ಜಾರಬಾರದಲ್ಲ.

ಅರ್ಧ ದಾರಿಯಲ್ಲಿ ತಾವಾಗಿಯೇ ಅಂದರು, "ಡೆಲ್ಲಾ, ಲೈಲ್ ಮಾಡಿದ್ದಕ್ಕೆ ನಾ ನಿನ್ನ ಕ್ಷಮೆ ಕೇಳ್ಲೇ ಇಲ್ಲ. ನಾಚಿಕೆ ಆಗ್ತಿತ್ತು. ಅದಕ್ಕೇ ಮಾಂಸ ತಂದ್ಕೊಡ್ತಿದ್ದೆ."

ಮುಖ ಕಾಣದ್ದೇ ಒಳ್ಳೆಯದಾಯಿತು. ಇಬ್ಬರಿಗೂ.

"ಈಗ ಹೇಳ್ಬೇಡಿ. ಭಾರ ಜಾಸ್ತಿ ಆಗ್ತಿದೆ."

ಅವರ ಬೆನ್ನು ಅಲುಗಿತು. ನಗುತ್ತಿದ್ದರು. ಅಥವಾ... ಗೊತ್ತಿಲ್ಲ.

ಪಿಕಪ್ ಮುಟ್ಟಿದಾಗ ಆರಕ್ಕೆ ಹತ್ತು ನಿಮಿಷ. ಬಕಲ್ ಬಿಚ್ಚಲು ಬೆರಳು ಬಗ್ಗಲಿಲ್ಲ, ಹಲ್ಲಿನಲ್ಲಿ ಎಳೆದೆ.

ಆಸ್ಪತ್ರೆಯಲ್ಲಿ ನರ್ಸ್ ತಡೆದಳು. "ಒಳಗೆ ಹತ್ತಿರದವ್ರಿಗೆ ಮಾತ್ರ. ನೀವು ಏನಾಗ್ಬೇಕು?"

ಮಾಜಿ ಸೊಸೆ ಅಂದರೆ ಏನಾಗಬೇಕು?

ಸ್ಟ್ರೆಚರ್ ಮೇಲಿಂದ ಆರ್ವಿಡ್ ಗದರಿದರು, "ಕಾಡಿಂದ ನನ್ನನ್ನ ಬೆನ್ನ ಮೇಲೆ ಹೊತ್ಕೊಂಡ್ ಬಂದವ್ಳು ಕಣಮ್ಮ. ಇನ್ನೆಷ್ಟು ಹತ್ತಿರ ಬೇಕು ನಿಂಗೆ?"

ಒಳಗೆ ಬಿಟ್ಟಳು.

ನವೆಂಬರ್ 2

ಮಾಂಸ ಹಾಳಾಗಿಲ್ಲ. ಅಪಘಾತದ ಮರುದಿನವೇ ನಡೀನ್, ಅವಳ ಅಣ್ಣ, ರಾಂಚಿನ ಇಬ್ಬರು ಹಿಮದಲ್ಲಿ ನಮ್ಮ ಹೆಜ್ಜೆ ಹಿಡಿದು ಹೋಗಿ ಐದೂ ಹೊರೆ ಇಳಿಸಿದ್ದಾರೆ. ಕೊಂಬು ಸಮೇತ. ಯಾರೂ ನನ್ನನ್ನು ಕೇಳಲಿಲ್ಲ, ಹೇಳಲೂ ಇಲ್ಲ. ಇವತ್ತು ಫ್ರೀಜರ್ ತೆಗೆದೆ — ತುಂಬಿದೆ. ಮುಚ್ಚಳ ಹಿಡಿದುಕೊಂಡೇ ಅತ್ತುಬಿಟ್ಟೆ.

ವರದಿ ಕೊಟ್ಟೆ. "ಜೀವಂತ ಹೊರೆ, 128 ಪೌಂಡು, ಒಂದೂವರೆ ಮೈಲಿ, ನಾಲ್ಕು ಗಂಟೆಗೂ ಮೀರಿ. ಪಟ್ಟಿ ಜಾರಲಿಲ್ಲ. ಎಡ ಹೆಗಲಿನ ಹೊಲಿಗೆ ಒಂದಂಗುಲ ಬಿಚ್ಚಿದೆ." ನಡೀನ್ ಎರಡು ಸಲ ಓದಿದಳು. ನನ್ನನ್ನು ಅಪ್ಪಿಕೊಂಡು, ಆಮೇಲೆ ಆ ಹೊಲಿಗೆ ನೋಡಲು ಕೂತಳು.

ಥ್ಯಾಂಕ್ಸ್‌ಗಿವಿಂಗ್, ಮಧ್ಯಾಹ್ನ 2

ಆರ್ವಿಡ್ ನಮ್ಮಲ್ಲಿಗೆ ಬಂದು ಮೂರು ವಾರ. ಕಾಲಿನಲ್ಲಿ ಎರಡು ಸ್ಕ್ರೂ. ಕೆಳಗಿನ ಕೋಣೆ ಅವರದ್ದು. ಅಡುಗೆಮನೆಯೂ ತಮ್ಮದೇ ಎಂದುಕೊಂಡಿದ್ದಾರೆ.

ಮೊನ್ನೆ ಲೈಲ್ ಫೋನ್ ಮಾಡಿದ. ಅಪ್ಪನನ್ನು ನೋಡಬೇಕಂತೆ. ಆರ್ವಿಡ್ ಫೋನಿಗೆ ಕೈ ಅಡ್ಡ ಹಿಡಿದು ನನ್ನ ಕಡೆ ನೋಡಿದರು. "ನಿನ್ನ ಮನೆ. ನೀ ಬೇಡ ಅಂದ್ರೆ ಬೇಡ."

"ಬರ್ಲಿ ಬಿಡಿ. ಮಾಂಸ ಬೇಕಾದಷ್ಟಿದೆ."

ಹೇಳಿದ್ದು ನಾನೇನಾ? ಸಿಟ್ಟು ಹುಡುಕಿ ನೋಡಿದೆ. ಸ್ವಲ್ಪ ಇದೆ. ಹೊರಲಾರದಷ್ಟಿಲ್ಲ.

ಮೇಜಿನ ಮೇಲೆ ಎಲ್ಕ್ ರೋಸ್ಟ್. ಹುಡುಗಿಯರು ಆಲೂಗಡ್ಡೆ ಹಿಸುಕುತ್ತ ಕಿತ್ತಾಡುತ್ತಿದ್ದಾರೆ. ನಡೀನ್ ಸೇಬಿನ ಪೈ ತಂದಿದ್ದಾಳೆ. ಊಟಕ್ಕೆ ಮೊದಲು ಒಬ್ಬೊಬ್ಬರೂ ಎರಡು ಮಾತು ಹೇಳಬೇಕು, ಯಾವುದಕ್ಕೆ ಕೃತಜ್ಞರೆಂದು. ನನಗೆ ಎರಡು ಸಾಲುವುದಿಲ್ಲ. ಬರೆದುಕೊಳ್ಳೋಣ ಎಂದು ಇಲ್ಲಿ ಬಂದು ಕೂತೆ. ಮೊದಲನೆಯದು —

ಕಾರಿನ ಸದ್ದು. ಬಂದೇಬಿಟ್ಟ. ಆರ್ವಿಡ್ ಊರುಗೋಲು ಹುಡುಕುತ್ತಿದ್ದಾರೆ, ಅವಸರದಲ್ಲಿ ಬಿದ್ದಾರು. ನಾನೇ ಹೋಗಿ ಬಾಗಿಲು ತೆಗೆಯುತ್ತೇನೆ.