ಕಿಟಕಿ ಪಕ್ಕದ ಕುರ್ಚಿ

ತಮ್ಮಾ,

ಊಟ ಮುಚ್ಚಿಟ್ಟಿದ್ದೇನೆ. ಕಂಪ್ಯೂಟರ್ ಅಂಗಡಿಯಿಂದ ಫೋನ್ ಬಂದರೆ ಆ ದುಬಾರಿ ವರ್ಕ್‌ಸ್ಟೇಷನ್ ಪ್ರೊಸೆಸರ್ ಬೇಡ, ಸಾದಾ ಡೆಸ್ಕ್‌ಟಾಪಿನದೇ ಸಾಕು ಅನ್ನು. ಮುಖ ಊದಿಸಿಕೊಳ್ಳಬೇಡ, ಪೂರ್ತಿ ಓದು.

ಡಾಕ್ಟರಿಗೆ ನಾವು ಕಂಪ್ಯೂಟರಿನಲ್ಲಿ ಮಾಡಿಕೊಡುತ್ತಿರುವ ಹೊಸ ಮನೆಯ ಚಿತ್ರದಲ್ಲಿ, ನಾವು ಹಾಕದೇ ಇದ್ದ ಕುರ್ಚಿಯೊಂದು ಕಿಟಕಿ ಪಕ್ಕ ಬರುತ್ತಿತ್ತಲ್ಲ? "ಕಂಪ್ಯೂಟರಿನ ಮೆಮೊರಿ ತಪ್ಪು ಕಣಕ್ಕಾ, ವರ್ಕ್‌ಸ್ಟೇಷನ್ ಆದ್ರೆ ತಾನೇ ಹಿಡಿದು ತಿದ್ದುತ್ತೆ" ಅಂದೆ, ದೊಡ್ಡ ಪಂಡಿತನ ಹಾಗೆ. ಇವತ್ತು ಬೆಳಿಗ್ಗೆ ಅಂಗಡಿಯಲ್ಲಿ ಅದೇ ಫೈಲನ್ನು ಎರಡರಲ್ಲೂ ಓಡಿಸಿ ನೋಡಿದೆ.

ಚಿತ್ರ ಮೂಡಿಸಲು ಡೆಸ್ಕ್‌ಟಾಪ್ ನಲವತ್ತು ನಿಮಿಷ ತೆಗೆದುಕೊಂಡಿತು. ಕುರ್ಚಿ ಖಾಲಿ ಇತ್ತು. ವರ್ಕ್‌ಸ್ಟೇಷನ್ ಒಂಬತ್ತೇ ನಿಮಿಷದಲ್ಲಿ ಮುಗಿಸಿ, ಒಂದು ತಪ್ಪೂ ಇಲ್ಲ ಎಂದು ತೋರಿಸಿತು. ಕುರ್ಚಿಯಲ್ಲಿ ಹೆಂಗಸೊಬ್ಬಳು ಬೆನ್ನು ತಿರುಗಿಸಿ ಕೂತಿದ್ದಳು.

ಅಂಗಡಿಯವನು, "ಎಷ್ಟು ಚೆನ್ನಾಗಿ ಬಂದಿದೆ ನೋಡಿ ಮೇಡಂ, ಒಂದೊಂದು ಕೂದಲೂ ಎಣಿಸ್ಬಹುದು" ಎಂದು ಹಿಗ್ಗಿದ. ಎಣಿಸುವುದೇನು ಬಂತು! ಅವಳ ಜಡೆಯ ತುದಿಗೆ, ನಾನು ನನ್ನ ಜಡೆಗೆ ಕಟ್ಟಿಕೊಳ್ಳುತ್ತೇನೆಂದು ನೀನು ದಿನಾ ಆಡಿಕೊಳ್ಳುವ ಆ ಕೆಂಪು ವೈರಿನ ತುಂಡೇ ಇತ್ತು.

ಕೂದಲು ಕತ್ತರಿಸಿಕೊಂಡು ಬರಲು ಹೊರಟಿದ್ದೇನೆ. ಬಂದಾಗ ನಗಬೇಡ. ಅಲ್ಲಿಯ ತನಕ ಆ ಫೈಲನ್ನು ತೆರೆಯಬೇಡ. ಜಡೆ ಇರುವ ಅಕ್ಕ ಬಂದು ಬಾಗಿಲು ತಟ್ಟಿದರೆ, ಅದನ್ನೂ ತೆರೆಯಬೇಡ.