ಬೀಗ ಹಾಕಿದ ಅಂಗಡಿಯನ್ನು ಒಳಗಿನಿಂದ ಪರೀಕ್ಷಿಸಿದ ಅಧಿಕಾರಿಗೆ

ಮಾನ್ಯ ವಿದ್ಯುತ್ ಸುರಕ್ಷತಾ ಪರಿಶೀಲನಾಧಿಕಾರಿಗಳೇ,

ಫೆಬ್ರವರಿ ಏಳರ ಬೆಳಗ್ಗೆ ಹನ್ನೊಂದೂವರೆಗೆ ನೀವು ಮೊರಪ್ಪೂರಿನ ನನ್ನ ಹೊಲಿಗೆ ಅಂಗಡಿಯೊಳಗೆ ಬಂದು, ವೈರಿಂಗ್, ಸ್ವಿಚ್ಚು, ಅರ್ತಿಂಗ್ ಎಲ್ಲವನ್ನೂ ಖುದ್ದಾಗಿ ಪರೀಕ್ಷಿಸಿ ‘ತೃಪ್ತಿಕರ’ ಎಂದು ಬರೆದಿದ್ದೀರಿ. ಆ ಹೊತ್ತಿಗೆ ಅಂಗಡಿಗೆ ಬೀಗ ಹಾಕಿತ್ತು. ಇರುವ ಒಂದೇ ಬೀಗದ ಕೈ ನನ್ನ ಪರ್ಸಿನಲ್ಲಿತ್ತು. ಪರ್ಸು ಏರ್ಕಾಡಿನ ಮದುವೆಮನೆಯಲ್ಲಿ ನನ್ನ ಜೊತೆ ಊಟಕ್ಕೆ ಕುಳಿತಿತ್ತು. ಹಾಗಾದರೆ ತಾವು ಒಳಗೆ ದಯಮಾಡಿಸಿದ್ದು ಹೇಗೆ? ಕಿಟಕಿ ಸರಳಿನ ನಡುವೆ ತೂರಿ ಬಂದಿರಾ? ಆಮೇಲೆ ಕಚೇರಿಯಲ್ಲಿ ತಮ್ಮನ್ನು ದೂರದಿಂದ ನೋಡಿದೆ, ಅದು ಸಾಧ್ಯವಿಲ್ಲ.

ಇದನ್ನೇ ಇಲ್ಲಿನ ಸರ್ಕಾರಿ ಭಾಷೆಯಾದ ತಮಿಳಿನಲ್ಲಿ ಎರಡು ಸಲ, ಇಂಗ್ಲಿಷಿನಲ್ಲಿ ಒಂದು ಸಲ ಬರೆದು ಕಳುಹಿಸಿದೆ. ಉತ್ತರವಿಲ್ಲ. ಹಾಗಾಗಿ ಈಗ ಮನೆಮಾತಾದ ಕನ್ನಡದಲ್ಲಿ, ಪತ್ರಿಕೆಗೇ ಬರೆಯುತ್ತಿದ್ದೇನೆ. ನೀವು ಓದದಿದ್ದರೂ ನನ್ನ ನೆಂಟರಾದರೂ ಓದುತ್ತಾರೆ.

ಕಟ್ಟಡದ ಮಾಲೀಕ ಚಿನ್ನರಾಜ್, ಇಡೀ ಕಟ್ಟಡಕ್ಕೆ ನೀವು ಕೊಟ್ಟ ಸರ್ಟಿಫಿಕೇಟಿಗೆ ಕಟ್ಟು ಹಾಕಿಸಿ, ದೇವರ ಪಟದಂತೆ ಮೆಟ್ಟಿಲ ಬಳಿ ತೂಗುಹಾಕಿದರು. ಹತ್ತು ದಿನದ ಮೇಲೆ, ನಮ್ಮಲ್ಲಿ ಹೊಲಿದ ಯೂನಿಫಾರ್ಮುಗಳಿಗೆ ಇಸ್ತ್ರಿ ಹಾಕುವ ಪೂಂಗೊಡಿ ನನ್ನ ಬಳಿ ಬಂದಳು.

“ಅಕ್ಕಾ, ಇಸ್ತ್ರಿಪೆಟ್ಟಿಗೆ ಮುಟ್ಟಿದ್ರೆ ಜಿವ್ ಅಂತೈತೆ.”

“ಗೌರ್ಮೆಂಟ್ ಸೀಲ್ ಒತ್ತವ್ರೆ, ನೋಡಿಲ್ವೇನೇ? ಒಣ್ಣುಂ ಆಗಾದು. ಓಗು, ಕೆಲಸ ನೋಡು.”

ಸೀಲು ಮಾತ್ರ ನೋಡಿ, ತಾರೀಖು ಓದದೆ, ಏನೂ ಆಗುವುದಿಲ್ಲವೆಂದು ನಿಮ್ಮನ್ನು ನಂಬಿ ಹೇಳಿದ ಈ ಬಾಯಿಯನ್ನು ನಾನಿನ್ನೂ ಕ್ಷಮಿಸಿಲ್ಲ.

ಮುಂದಿನ ಸೋಮವಾರ ಅವಳು ಬಟ್ಟೆಗೆ ನೀರು ಚಿಮುಕಿಸಿ ಒದ್ದೆ ಕೈಯಲ್ಲೇ ಪೆಟ್ಟಿಗೆ ಹಿಡಿದಳು. ಕೂಗಲೂ ಆಗಲಿಲ್ಲ. ಕೈ ಅಂಟಿಕೊಂಡಿತ್ತು, ಹಲ್ಲು ಕಚ್ಚಿಕೊಂಡಿತ್ತು. ನಾನು ಹಿಡಿದೆಳೆಯಲು ಓಡಿದೆ. “ಮುಟ್‌ಬ್ಯಾಡಕ್ಕಾ!” ಎಂದು ಕಿರುಚಿದವಳು ಗುಂಡಿಗಳಿಗೆ ಕಾಜಾ ಹಾಕುವ ಮೇನಕಾ, ಮರದ ಅಳತೆಕೋಲಿನಿಂದ ಮೇನ್ ಸ್ವಿಚ್ಚನ್ನು ಕೆಳಕ್ಕೆ ತಳ್ಳಿದವಳೂ ಅವಳೇ. ಇಲ್ಲವಾದರೆ ಈ ಪತ್ರ ಬರೆಯಲು ನಾನೂ ಇರುತ್ತಿರಲಿಲ್ಲ. ಪೂಂಗೊಡಿ ಬದುಕಿದಳು. ಬಲಗೈಯ ಎರಡು ಬೆರಳು ಈಗ ಮಡಚುವುದಿಲ್ಲ.

ಎಲೆಕ್ಟ್ರಿಷಿಯನ್ ತಿಮ್ಮರಾಜು ಬೋರ್ಡು ಬಿಚ್ಚಿ, ಹಸಿರು ವೈರಿನ ಜಾಡು ಹಿಡಿದು ಗೋಡೆ ಒಡೆದರು. “ಅರ್ತ್ ವೈರು ಭೂಮಿಗೇ ಓಗಿಲ್ಲಕ್ಕಾ. ಗೋಡೆ ಒಳಗೇ ಕಟ್ ಮಾಡಿ ಬಿಟ್ಟವ್ರೆ,” ಎಂದರು. ತಾವು ತೃಪ್ತರಾದದ್ದು ಇದನ್ನು ಕಂಡೇ? ಕೆಳಗಿನ ಬೇಕರಿಯವರು ಹೇಳುವ ಪ್ರಕಾರ ಅಂದು ನೀವು ಮೆಟ್ಟಿಲನ್ನೇ ಹತ್ತಲಿಲ್ಲ. ಅಲ್ಲೇ ಕುಳಿತು ಎರಡು ಪಫ್ಸ್ ತಿಂದು, ಸಹಿ ಹಾಕಿ ಹೊರಟಿರಿ. ಪಫ್ಸ್ ತೃಪ್ತಿಕರವೆಂಬುದನ್ನು ನಾನೂ ಒಪ್ಪುತ್ತೇನೆ.

ನಿಮ್ಮ ಕಚೇರಿಗೆ ಬಂದರೆ ಗುಮಾಸ್ತರು, “ಸರ್ಟಿಫಿಕೇಟ್ ಇರುಕ್ಕಲ್ಲ, ಅಪ್ಪುರಂ ಎನ್ನಮ್ಮಾ?” ಎಂದರು. ಹೌದು, ಸರ್ಟಿಫಿಕೇಟ್ ಇದ್ದ ಮೇಲೆ ಇನ್ನೇನು? ತಪ್ಪೆಲ್ಲ ಕರೆಂಟಿನದು. ಓದು ಬಾರದ್ದು, ಸೀಲು ನೋಡದೆ ಹರಿದುಬಿಟ್ಟಿತು.

ನನ್ನ ಅಂಗಡಿಯ ಅರ್ತಿಂಗನ್ನು ತಿಮ್ಮರಾಜು ಸರಿಪಡಿಸಿದ್ದಾರೆ. ಆದರೆ ಅದೇ ಕಾಗದದ ನೆರಳಿನಲ್ಲಿ ಇನ್ನೂ ಏಳು ಬಾಡಿಗೆ ಅಂಗಡಿಗಳಿವೆ. ಮೊದಲ ಮಹಡಿಯ ಟ್ಯೂಷನ್ನಿನಲ್ಲಿ ಮೂವತ್ತು ಮಕ್ಕಳು ಕಬ್ಬಿಣದ ಕೂಲರಿಗೆ ಒರಗಿ ಮಗ್ಗಿ ಹೇಳುತ್ತಾರೆ. ಚಿನ್ನರಾಜ್ ಅವರಂತೂ, “ಸರ್ಕಾರನೇ ಸರಿ ಅಂದದೆ, ನಾನ್ಯಾಕೆ ಗೋಡೆ ಒಡೀಲಿ?” ಎನ್ನುತ್ತಾರೆ. ಆದ್ದರಿಂದ ಆ ಸರ್ಟಿಫಿಕೇಟನ್ನು ಈ ವಾರವೇ ರದ್ದು ಮಾಡಿ. ಒಂದೊಂದು ಅಂಗಡಿಯನ್ನೂ ಬಾಡಿಗೆದಾರರ ಎದುರೇ ಪರೀಕ್ಷಿಸಿ, ಅವರ ಸಹಿ ಪಡೆದು, ವರದಿಯ ಒಂದು ಪ್ರತಿಯನ್ನು ಅವರ ಕೈಗೂ ಕೊಡಿ.

ಪೂಂಗೊಡಿ ಕಳೆದ ವಾರ ಕೆಲಸಕ್ಕೆ ಮರಳಿದಳು. ಎಡಗೈಯಲ್ಲಿ ಗುಂಡಿ ಆರಿಸುತ್ತಾ ಕೂರುತ್ತಾಳೆ. ನಿಮಗೆ ಪತ್ರ ಬರೆಯುತ್ತಿದ್ದೇನೆ ಎಂದೆ.

“ಬೈದ್ರೆ ಬರಲ್ಲ ಕಣಕ್ಕಾ,” ಎಂದಳು. “ಅವ್ರು ಬರಂಗೆ ಬರಿ.”

ಅಷ್ಟರಲ್ಲಿ ಬೈಗುಳವೆಲ್ಲ ಬರೆದಾಗಿತ್ತು. ದಯವಿಟ್ಟು ಬನ್ನಿ.

ಇಂತಿ,
ರಮಾಮಣಿ
ಯೂನಿಫಾರ್ಮ್ ಹೊಲಿಯುವವಳು, ನಿಮ್ಮ ಕೃಪೆಯಿಂದ ಈಗ ಅರೆಬರೆ ಎಲೆಕ್ಟ್ರಿಷಿಯನ್